ಏಳನೇ ನೆಲೆಯ ಹಸಿರು ದೀಪ

ಜಿಲ್ಲಾ ಪ್ರವಾಹ ಎಚ್ಚರಿಕೆ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಕಳೆದ ವರ್ಷ ಜುಲೈ ಹದಿನೇಳರ ಮಧ್ಯಾಹ್ನ ಮೂರು ಮುಕ್ಕಾಲರ ಹೊತ್ತಿಗೆ ಹಿಮಸರೋವರದ ದಂಡೆ ಒಡೆದು ನಮ್ಮ ಏಳನೇ ನೆಲೆ ಕೊಚ್ಚಿಹೋಯಿತು. ಕಾವಲುಮನೆ, ನೀರಿನ ಅಳತೆಗೋಲು, ಒಲೆ, ಬ್ಯಾಟರಿ, ಕಾವಲುಗಾರ, ಒಂದೂ ಉಳಿಯಲಿಲ್ಲ. ಅದಾದ ನಲವತ್ತು ದಿನವೂ ನಿಮ್ಮ ಕಚೇರಿಯ ಗೋಡೆಯ ಫಲಕದಲ್ಲಿ ಏಳನೇ ನೆಲೆಯ ದೀಪ ಹಸಿರಾಗಿಯೇ ಉರಿಯುತ್ತಿತ್ತು. ಹಸಿರು ಎಂದರೆ ಸಂಪರ್ಕ ಸರಿಯಾಗಿದೆ ಎಂದರ್ಥ. ಯಾರೊಂದಿಗೆ ಸಂಪರ್ಕ ಎಂದು ನೀವು ಕೇಳಲಿಲ್ಲ. ಮೂವತ್ತೈದನೇ ದಿನ ಆ ದೀಪದ ಕೆಳಗೇ ಕುಳಿತು ತನಿಖಾ ವರದಿಗೆ ಸಹಿ ಹಾಕಿದಿರಿ.

ಆ ವರದಿಯ ಹದಿನಾಲ್ಕನೇ ಪುಟದಲ್ಲಿ ಹೀಗಿದೆ: “ಕಾವಲುಗಾರ ತುರ್ದುಬಾಯ್ ಎಚ್ಚರಿಕೆಯ ಗುಂಡಿ ಒತ್ತಿರುವುದಿಲ್ಲ. ಆತ ನಿದ್ರೆಯಲ್ಲಿ ಅಥವಾ ಅಮಲಿನಲ್ಲಿ ಇದ್ದಿರಬಹುದಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು.” ಈ ಮಾತು ಸುಳ್ಳು. ಅದು ನಿಮಗೂ ಗೊತ್ತು, ನನಗೆ ನಿಮಗಿಂತ ಚೆನ್ನಾಗಿ ಗೊತ್ತು. ಈ ಜುಲೈ ಹದಿನೇಳಕ್ಕೆ ಆತನ ವರ್ಷದ ಊಟ. ಅಷ್ಟರೊಳಗೆ ಆ ಎರಡು ವಾಕ್ಯಗಳನ್ನು ಅಳಿಸಬೇಕು. ಕೇಳುತ್ತಿರುವುದು ಇಷ್ಟೇ. ಇದನ್ನೇ ಮೂರು ಸಲ ಲಕೋಟೆಯಲ್ಲಿ ಹಾಕಿ ಕಳಿಸಿದೆ. “ಪರಿಶೀಲನೆಯಲ್ಲಿದೆ” ಎಂಬ ಒಂದೇ ಉತ್ತರ ಮೂರು ಸಲ ಬಂತು. ಮೂರನೆಯದರಲ್ಲಿ ನನ್ನ ಹೆಸರನ್ನು ಸರಿಯಾಗಿ ಬರೆದಿದ್ದರು, ಅಷ್ಟರ ಮಟ್ಟಿಗೆ ಪ್ರಗತಿ. ಆದ್ದರಿಂದ ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಓದುಗರಿಗಾಗಿ ಒಂದಿಷ್ಟು ಹೇಳಬೇಕು. ನಿಮಗೂ ಉಪಯೋಗವಾದೀತು, ಏಕೆಂದರೆ ಎಂಟು ವರ್ಷ ಆ ಕಚೇರಿಯಲ್ಲಿ ಕುಳಿತರೂ ಆ ಫಲಕದ ಹಿಂದೆ ಏನಿದೆ ಎಂದು ನೀವು ನೋಡಿದ್ದು ನನಗೆ ನೆನಪಿಲ್ಲ. ಮೇಲಿನ ಕಾವಲುಮನೆಯ ಎಚ್ಚರಿಕೆ ಯಂತ್ರಕ್ಕೂ ಕೆಳಗೆ ನಮ್ಮ ಕಚೇರಿಯ ಯಂತ್ರಕ್ಕೂ ಇರುವುದು ತಾಮ್ರದ ತಂತಿ ಸಿಕ್ಕಿಸುವ ಕಿಂಡಿ. ತಾಮ್ರದ ತಂತಿಯಲ್ಲಿ ಸುದ್ದಿ ನೂರು ಮೀಟರ್ ದಾಟುವುದಿಲ್ಲ. ಕಣಿವೆ ಹದಿನಾಲ್ಕು ಕಿಲೋಮೀಟರ್. ಆದ್ದರಿಂದ ನಡುವೆ ಫೈಬರ್, ಅಂದರೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ತಾಮ್ರದ ಮಾತನ್ನು ಬೆಳಕಾಗಿಸಿ ಗಾಜಿಗೆ ಕೊಡುವುದಕ್ಕೆ ಮೇಲೊಂದು, ಬೆಳಕನ್ನು ಮತ್ತೆ ತಾಮ್ರದ ಮಾತಾಗಿಸುವುದಕ್ಕೆ ಕೆಳಗೊಂದು ಪೆಟ್ಟಿಗೆ. ಮೀಡಿಯಾ ಕನ್ವರ್ಟರ್ ಎನ್ನುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟೇ ಇದೆ.

ಪೆಟ್ಟಿಗೆಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ನಾಲ್ಕು ಸ್ವಿಚ್ಚುಗಳಿವೆ. ಮೂರನೆಯದು ಮೇಲಿದ್ದರೆ, ಗಾಜಿನ ಎಳೆ ತುಂಡಾದ ಕ್ಷಣ ಪೆಟ್ಟಿಗೆ ತನ್ನ ತಾಮ್ರದ ಕಿಂಡಿಯನ್ನೂ ಮುಚ್ಚುತ್ತದೆ, ಎರಡೂ ಕಡೆ ದೀಪ ಕೆಂಪಾಗುತ್ತದೆ. ಕೆಳಗಿದ್ದರೆ ಎಳೆ ಸತ್ತರೂ ತಾಮ್ರದ ಕಿಂಡಿ ಜೀವಂತವಾಗಿಯೇ ಇರುತ್ತದೆ. ಆಗ ನಮ್ಮ ಯಂತ್ರ ಮಾತಾಡುವುದು ಪಕ್ಕದಲ್ಲಿರುವ ಪೆಟ್ಟಿಗೆಯೊಂದಿಗೆ ಮಾತ್ರ. ದೀಪ ಹಸಿರು.

ಪೆಟ್ಟಿಗೆಯ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಕಚೇರಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು ನಾನೊಬ್ಬಳೇ. ಹಾಗಾಗಿ ಅದನ್ನು ನೀವು ನನ್ನ ಮೇಜಿನ ಮೇಲೆ ಹಾಕಿ ಹೋದಿರಿ. ಮೂರನೇ ಸ್ವಿಚ್ಚಿನ ಬಗ್ಗೆ ಅದರಲ್ಲಿ ಐದು ಸಾಲುಗಳಿದ್ದವು. ಓದಿದೆ, ಅರ್ಥವೂ ಆಯಿತು. ಅರ್ಥವಾಗಿರಲಿಲ್ಲ ಎಂದು ಹೇಳಿಕೊಳ್ಳುವ ಅವಕಾಶ ಇಡೀ ಜಿಲ್ಲೆಯಲ್ಲಿ ಎಲ್ಲರಿಗೂ ಇದೆ, ನನ್ನೊಬ್ಬಳಿಗೆ ಇಲ್ಲ.

ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ಆ ಪೆಟ್ಟಿಗೆ ಕೂರಿಸಲು ನಾನೇ ಏಳನೇ ನೆಲೆಗೆ ಹೋಗಿದ್ದೆ. ತುರ್ದುಬಾಯ್ ಅಣ್ಣ ಅಂಗಳದಲ್ಲಿ ಕುದುರೆಯ ಗೊರಸು ಕೆರೆಯುತ್ತಿದ್ದರು. ಪೆಟ್ಟಿಗೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. “ಇಷ್ಟೇನಾ ತಂಗಿ? ನನ್ನ ಹೊಗೆಸೊಪ್ಪಿನ ಡಬ್ಬಿ ಇದಕ್ಕಿಂತ ದೊಡ್ಡದು. ಅದರಲ್ಲಿ ಖುಷಿಯಾದ್ರೂ ಇದೆ,” ಎಂದರು. ಆಮೇಲೆ ದೀಪವನ್ನು ತೋರಿಸಿ, ಹಸಿರು ಅಂದರೆ ಏನು ಎಂದು ಕೇಳಿದರು.

“ಹಸಿರು ಅಂದ್ರೆ ಕೆಳಗಿನವರಿಗೆ ನಿಮ್ಮ ಮಾತು ಕೇಳಿಸ್ತಿದೆ ಅಂತ ಅಣ್ಣ,” ಎಂದೆ.

ನಾನು ಹೇಳಿದ್ದು ಅದೇ ಮಾತು, ಬೇರೆ ಮಾತಲ್ಲ. ಆ ದಿನ ಅದು ನಿಜವೂ ಆಗಿತ್ತು.

ಅಲ್ಲಿಯವರೆಗೆ ಅವರ ಬಳಿ ಒಂದು ರೇಡಿಯೊ ಇತ್ತು. ದಿನಾ ಬೆಳಗ್ಗೆ ಏಳಕ್ಕೆ ಕೆಳಗೆ ಮಾತಾಡುತ್ತಿದ್ದರು. ನೀರಿನ ಮಟ್ಟ, ಹಿಮ, ಮರ್ಮೋಟು ಎಂಬ ಬೆಟ್ಟದ ಅಳಿಲುಗಳು ಬಿಲದಿಂದ ಎದ್ದವೋ ಇಲ್ಲವೋ, ಎಲ್ಲ ಹೇಳುತ್ತಿದ್ದರು. ಹೊಸ ವ್ಯವಸ್ಥೆ ಬಂದಮೇಲೆ ಹಳೆಯದನ್ನು ಉಗ್ರಾಣಕ್ಕೆ ಮರಳಿಸಬೇಕು ಎಂದು ನಮೂನೆಯಲ್ಲಿತ್ತು. ಬಿಚ್ಚುವಾಗ ಅವರು, “ಇದು ಇರಲಿ ಬಿಡಮ್ಮ, ದೀಪ ಮಾತಾಡಲ್ಲವಲ್ಲ,” ಎಂದು ಒಮ್ಮೆ ಹೇಳಿದರು. ಎರಡನೇ ಸಲ ಕೇಳುವ ಸ್ವಭಾವದವರಲ್ಲ. ನಾನು ರೇಡಿಯೊ ಚೀಲಕ್ಕೆ ಹಾಕಿಕೊಂಡು ರಸೀದಿ ಕೊಟ್ಟೆ. ಗೋಡೆಗೆ ನಿಯಮದ ಹಾಳೆ ಅಂಟಿಸಿದೆ: ಅಪಾಯ ಕಂಡರೆ ಗುಂಡಿ ಒತ್ತುವುದು. ದೀಪ ಕೆಂಪಾಗಿದ್ದರೆ ಮಾತ್ರ ದಿಬ್ಬ ಹತ್ತಿ, ಊರಿಗೆ ಕಾಣುವಂತೆ ಎರಡು ಸಂಕೇತ ರಾಕೆಟ್ ಹಾರಿಸುವುದು. ‘ಮಾತ್ರ’ ಎಂಬುದರ ಕೆಳಗೆ ಗೆರೆ ಎಳೆದವಳೂ ನಾನೇ. ರಾಕೆಟ್ಟುಗಳು ವ್ಯರ್ಥವಾದರೆ ಅದಕ್ಕೂ ವಿವರಣೆ ಬರೆಯಬೇಕಲ್ಲ.

ಈ ವಿವರಣಾ ಪತ್ರದ ಕಥೆ ನಮ್ಮ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆ ಚಳಿಗಾಲದಲ್ಲಿ ಮುಂಜಾನೆಯ ಥಂಡಿಗೆ ಮೇಲಿನ ಬ್ಯಾಟರಿಗಳು ಸೋತು ಪೆಟ್ಟಿಗೆಗಳು ಒಂದೆರಡು ನಿಮಿಷ ಆರುತ್ತಿದ್ದವು. ಫಲಕದಲ್ಲಿ ಕೆಂಪು. ಪ್ರತಿ ಕೆಂಪಿಗೂ ಪಾಳಿಯಲ್ಲಿದ್ದವರು ಲಿಖಿತ ವಿವರಣೆ ಕೊಡಬೇಕು ಎಂದು ನೀವು ಆಜ್ಞೆ ಮಾಡಿದಿರಿ. ಬ್ಯಾಟರಿ ಬದಲಿಸಿ ಎಂದು ನಾನು ಬರೆದದ್ದಕ್ಕೆ ಉತ್ತರ ಬರಲಿಲ್ಲ. ಒಂದೇ ತಿಂಗಳಲ್ಲಿ ಅರವತ್ತು ವಿವರಣೆಗಳು. ಪಾಳಿಯ ಎಸೆನ್, ಐವತ್ತು ದಾಟಿದ ಮನುಷ್ಯ, “ಕಾರಣ: ಚಳಿ” ಎಂದು ಬರೆದ ಹಾಳೆಯ ನೂರು ಪ್ರತಿ ತೆಗೆಸಿಟ್ಟುಕೊಂಡಿದ್ದ. “ಚಳಿ ಮಾಡಿದ್ದಕ್ಕೆ ನಾನ್ಯಾಕೆ ವಿವರಣೆ ಕೊಡ್ಲಿ? ಚಳೀನೇ ಕರೆಸಿ ಕೇಳ್ಲಿ,” ಎನ್ನುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಈಗ ಯೋಚಿಸಿದರೆ, ಆ ಅರವತ್ತು ಕೆಂಪುಗಳೂ ನಿಜವನ್ನೇ ಹೇಳುತ್ತಿದ್ದವು.

ಆಮೇಲೆ ರಾಜಧಾನಿಯಿಂದ ತಪಾಸಣಾ ತಂಡ ಬರುವ ಸುದ್ದಿ ಬಂತು. ಅವರು ಬರುವ ಹಿಂದಿನ ವಾರ ನೀವು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದಿರಿ. “ನೋಡಮ್ಮ, ಅವರು ಬಂದಾಗ ಬೋರ್ಡಲ್ಲಿ ಒಂದು ಕೆಂಪೂ ಕಾಣಬಾರದು. ಹೇಗೆ ಅಂತ ನನಗೆ ಹೇಳೋಕೆ ಬರಬೇಡ. ಮಾಡು, ಅಷ್ಟೆ,” ಎಂದಿರಿ. ಹೇಗೆ ಎಂದು ಹೇಳಲು ನಾನು ಬರಲಿಲ್ಲ. ಎರಡೂ ತುದಿಯ ಪೆಟ್ಟಿಗೆಗಳು ಒಂದೇ ರೀತಿ ಇರಬೇಕು, ಆದ್ದರಿಂದ ಕಚೇರಿಯ ಪೆಟ್ಟಿಗೆಗಳಲ್ಲೂ, ಹನ್ನೆರಡು ನೆಲೆಗಳಿಗೂ ಹೋಗಿ ಅಲ್ಲೂ, ಮೂರನೇ ಸ್ವಿಚ್ಚನ್ನು ಕೆಳಗೆ ತಳ್ಳಿದೆ. ಬೆರಳು ಹಿಡಿಸುವುದಿಲ್ಲ, ಬೆಂಕಿಕಡ್ಡಿ ಬೇಕು. ಏಳನೇ ನೆಲೆಯಲ್ಲಿ ಕಡ್ಡಿ ಕೊಟ್ಟವರು ತುರ್ದುಬಾಯ್ ಅಣ್ಣನೇ. ಒಲೆಯ ಮೇಲೆ ಚಹಾ ಇಟ್ಟು, ಏನು ಮಾಡುತ್ತಿದ್ದೀಯ ಎಂದು ಕೇಳಿದರು. ಸಣ್ಣದೊಂದು ಹೊಂದಾಣಿಕೆ ಎಂದೆ. ದೀಪ ಮೊದಲಿನ ಹಾಗೇನಾ ಎಂದರು. ಹೌದು ಎಂದೆ. ಅವರು ಚಹಾಕ್ಕೆ ಬೆಣ್ಣೆ ಹಾಕಿಕೊಟ್ಟರು, ಕುಡಿದು ಇಳಿದೆ.

ನಾನು “ಆಗುವುದಿಲ್ಲ” ಎಂದಿದ್ದರೆ ನೀವೇನು ಮಾಡುತ್ತಿದ್ದಿರಿ? ಹೆಚ್ಚೆಂದರೆ ಕೂಗಾಡುತ್ತಿದ್ದಿರಿ. ಮಾರ್ಚಿನಲ್ಲಿ ಚಳಿ ಇಳಿದಮೇಲೆ ಸ್ವಿಚ್ಚುಗಳನ್ನು ಮತ್ತೆ ಮೇಲೆ ಮಾಡಬೇಕು ಎಂದು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ. ಮಾರ್ಚ್ ಹೋಯಿತು. ಮರೆತೆನೋ, ಮತ್ತೆ ಕೆಂಪು ಕಾಣುವುದು ನನಗೂ ಬೇಡವಾಗಿತ್ತೋ? ಒಂಬತ್ತು ತಿಂಗಳಿಂದ ಕೇಳಿಕೊಳ್ಳುತ್ತಿದ್ದೇನೆ. ದಿನಕ್ಕೊಂದು ಉತ್ತರ ಬರುತ್ತದೆ.

ಜುಲೈ ಹನ್ನೆರಡರಂದು ಕಣಿವೆಯ ನಡುವೆ ಬಂಡೆ ಉರುಳಿ ಗಾಜಿನ ಎಳೆ ತುಂಡಾಗಿತ್ತು. ಇದು ತಿಳಿದದ್ದು ಪ್ರವಾಹದ ನಂತರ, ಆ ದಿನ ಬಂಡೆ ಉರುಳಿದ್ದನ್ನು ಕಂಡಿದ್ದ ಕುರಿಗಾಹಿಗಳಿಂದ. ಐದು ದಿನ ಕಚೇರಿಯಲ್ಲಿ ದೀಪ ಹಸಿರು. ಐದು ದಿನ ಕಾವಲುಮನೆಯಲ್ಲೂ ದೀಪ ಹಸಿರು. ಹದಿನೇಳರಂದು ನೀರು ಊರಿಗೆ ಬರುವುದಕ್ಕೆ ನಲವತ್ತು ನಿಮಿಷ ತೆಗೆದುಕೊಂಡಿತು. ಕೆಳಬೀದಿಯಿಂದ ಶಾಲೆಯ ದಿಬ್ಬಕ್ಕೆ ಮುದುಕರೂ ಹತ್ತು ನಿಮಿಷದಲ್ಲಿ ಹತ್ತುತ್ತಾರೆ. ಮೇಲೆ ಗುಂಡಿ ಒತ್ತಿದ ಕೂಡಲೇ ಊರಿನಲ್ಲಿ ಕೂಗಬೇಕಾದ ಸೈರನ್ ಕೂಗಲಿಲ್ಲ. ಒಂಬತ್ತು ಜನ ಹೋದರು. ಅವರಲ್ಲೊಬ್ಬಳು ಕೆಳಬೀದಿಯ ಜುಮಾಶನ ಹೆಂಡತಿ, ಅಂಗಳದ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದಳು.

ಮೂರನೇ ದಿನ ತುರ್ದುಬಾಯ್ ಅಣ್ಣನ ದೇಹ ಸಿಕ್ಕಿತು. ಕೋಟಿನ ಒಳಜೇಬಿನಲ್ಲಿ, ಮೇಣಬಟ್ಟೆಯಲ್ಲಿ ಸುತ್ತಿ, ಗುಂಡಿ ಹಾಕಿ, ಎರಡೂ ರಾಕೆಟ್ಟುಗಳಿದ್ದವು. “ಬಳಸದೇ ಇರುವ ರಾಕೆಟ್ಟುಗಳು ಆತನ ನಿಷ್ಕ್ರಿಯತೆಗೆ ಸಾಕ್ಷಿ” ಎಂದು ನಿಮ್ಮ ವರದಿ ಹೇಳುತ್ತದೆ. ಮಾನ್ಯರೇ, ಆ ರಾಕೆಟ್ಟುಗಳು ಇರುತ್ತಿದ್ದದ್ದು ಗೋಡೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ನಿದ್ರೆಯಲ್ಲಿದ್ದವನು ಅವನ್ನು ತೆಗೆದು, ಮೇಣಬಟ್ಟೆ ಸುತ್ತಿ, ಜೇಬಿಗೆ ಗುಂಡಿ ಹಾಕಿಕೊಳ್ಳುತ್ತಾನೆಯೇ? ಅವರು ದಿಬ್ಬ ಹತ್ತಲು ಸಿದ್ಧವಾಗಿದ್ದರು. ಹೊರಡುವ ಮುಂಚೆ ದೀಪ ನೋಡಿದರು. ಅದು ಹಸಿರಾಗಿತ್ತು. ನಾನು ಗೆರೆ ಎಳೆದಿದ್ದ ಪದವನ್ನೂ ನೋಡಿರಬೇಕು. ಅಮಲಿನ ಆಧಾರವೇನು? ಶವದಿಂದ ಮುನ್ನೂರು ಮೀಟರ್ ಆಚೆ ಸಿಕ್ಕ ಕುಮಿಸ್ ಡಬ್ಬಿ. ಬೇಸಿಗೆಯಲ್ಲಿ ಈ ಕಣಿವೆಯಲ್ಲಿ ಆ ಹುಳಿ ಕುದುರೆಹಾಲು ಇಲ್ಲದ ಮನೆ ಯಾವುದಿದೆ? ಡಬ್ಬಿಯನ್ನು ವರದಿಯಲ್ಲಿ ದಾಖಲಿಸಿದ ದಿನ ತನಿಖಾ ತಂಡದವರು ನಿಮ್ಮ ಕೋಣೆಯಲ್ಲಿ ತಲೆಗೆ ಮೂರು ಬಟ್ಟಲು ಕುಮಿಸ್ ಕುಡಿದರು. ಬಡಿಸಿದವಳು ನಾನು.

ಶವಸಂಸ್ಕಾರದ ದಿನ ನಾನು ಹೆಂಗಸರ ಜೊತೆ ಯುರ್ತಾದ, ಅಂದರೆ ಕಂಬಳಿ ಗುಡಾರದ, ಒಳಗಿದ್ದೆ. ಬತ್ಮಾ ಅಕ್ಕ, ತುರ್ದುಬಾಯ್ ಅಣ್ಣನ ಹೆಂಡತಿ, ಗೋಡೆಗೆ ಮುಖ ಮಾಡಿ ಶೋಕಗೀತೆ ಹೇಳುತ್ತಿದ್ದರು. ಹೊರಗೆ ಪ್ರಾರ್ಥನೆಗೆ ಸಾಲು ನಿಂತಿತ್ತು. ಪದ್ಧತಿಯಂತೆ ಸತ್ತವರ ಅಣ್ಣ ಮುಂದೆ ಬಂದು ಕೇಳಿದರು: “ಜನರೇ, ನನ್ನ ತಮ್ಮ ಎಂಥವನಿದ್ದ?” ಇದಕ್ಕೆ ಉತ್ತರ ಒಂದೇ. ಒಳ್ಳೆಯವನಿದ್ದ ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಕುದುರೆ ಕದ್ದವನಿಗೂ ಹೇಳಿದ್ದನ್ನು ಕೇಳಿದ್ದೇನೆ. ಬತ್ಮಾ ಅಕ್ಕ ಉತ್ತರ ಕೇಳಿಸಿಕೊಳ್ಳಲು ಹಾಡು ನಿಲ್ಲಿಸಿದರು.

ಉತ್ತರ ಬರಲಿಲ್ಲ. ಕಂಬಳಿಯ ಗೋಡೆಯಾಚೆ ಇನ್ನೂರು ಗಂಡಸರು ನಿಂತಿದ್ದರು, ಒಬ್ಬರು ಕೆಮ್ಮಿದರು, ಅಷ್ಟೇ. ಸೈರನ್ ಕೂಗದ್ದಕ್ಕೆ ಕಾವಲುಗಾರನೇ ಕಾರಣ ಎಂದು ಊರು ಆಗಲೇ ನಂಬಿತ್ತು. ಅವರ ಅಣ್ಣ ಎರಡನೇ ಸಲ ಕೇಳಲಿಲ್ಲ. ಇಮಾಮರು ಪ್ರಾರ್ಥನೆ ಶುರುಮಾಡಿದರು. ಬತ್ಮಾ ಅಕ್ಕ ಮತ್ತೆ ಹಾಡಲಿಲ್ಲ.

ಆ ಬೆಳಗ್ಗೆಯೇ ನಾನು ಕಚೇರಿಗೆ ಹೋಗಿ ಫಲಕದ ಹಸಿರು ದೀಪ ನೋಡಿ ಬಂದಿದ್ದೆ. ನೋಡಿದ ಕೂಡಲೇ ಎಲ್ಲ ಗೊತ್ತಾಗಿತ್ತು. ಬಾಗಿಲ ಕಂಬಳಿ ಸರಿಸಿ ತಲೆ ಹೊರಹಾಕಿ ಒಂದು ಮಾತು ಹೇಳಬಹುದಿತ್ತು. ಹೆಂಗಸರು ಅಲ್ಲಿ ಮಾತಾಡುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಇವತ್ತಿಗೂ ಹೇಳಿಕೊಳ್ಳುತ್ತೇನೆ. ಗಂಡಸಾಗಿದ್ದರೆ ಹೇಳುತ್ತಿದ್ದೆನೇ? ನನಗೆ ಆ ಮೌನ ಈಗಲೂ ಕೇಳಿಸುತ್ತದೆ. ಹಿಟ್ಟು ಕಲಸುವಾಗ, ಬಸ್ಸಿಗೆ ಕಾಯುವಾಗ, ಯಾರಾದರೂ ಪ್ರಶ್ನೆ ಕೇಳಿ ಉತ್ತರಕ್ಕೆ ಒಂದು ಕ್ಷಣ ಸುಮ್ಮನಿದ್ದರೆ ಆ ನಡುವೆ ಅದೇ ಇರುತ್ತದೆ. ಮನೆಯ ಇಂಟರ್ನೆಟ್ ಪೆಟ್ಟಿಗೆಯ ದೀಪದ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದೇನೆ. ನಲವತ್ತನೇ ದಿನ, ಆತನ ಹೆಸರಿನಲ್ಲಿ ರೊಟ್ಟಿ ಕರಿಯುವ ದಿನ, ಕಚೇರಿಗೆ ಹೋಗಿ ಏಳನೇ ನೆಲೆಯ ತಂತಿಯನ್ನು ನಾನೇ ಕಿತ್ತೆ. ದೀಪ ಆಗ ಕೆಂಪಾಯಿತು. ಎಸೆನ್ ವಿವರಣೆಯ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದ. ಅದು ಖಾಲಿ ಹಾಳೆ. ಚಳಿ ಎಂದು ಬರೆದಿರಲಿಲ್ಲ.

ಸೆಪ್ಟೆಂಬರಿನಲ್ಲಿ ಹುಲ್ಲುಗಾವಲಿನಿಂದ ಇಳಿಯುತ್ತಿದ್ದ ಕುರಿಗಾಹಿಗಳಿಗೆ ಕೆಸರಿನಲ್ಲಿ ಎಚ್ಚರಿಕೆ ಯಂತ್ರದ ಕಬ್ಬಿಣದ ಪೆಟ್ಟಿಗೆ ಸಿಕ್ಕಿತು. ಒಣಗಿಸಿ ಅದರ ನೆನಪನ್ನು ತೆರೆದೆ. ಗುಂಡಿ ಒತ್ತಿದ ಸಮಯಗಳು ಅದರಲ್ಲಿದ್ದವು. ಮೊದಲನೆಯದು ಮೂರು ಗಂಟೆ ಮೂವತ್ತೊಂದು ನಿಮಿಷಕ್ಕೆ, ಕೊನೆಯದು ಮೂರು ನಲವತ್ತಾರಕ್ಕೆ. ಒಟ್ಟು ಹನ್ನೊಂದು ಸಲ. ನಿಯಮದ ಹಾಳೆಯಲ್ಲಿ ಒಂದು ಸಲ ಸಾಕು ಎಂದಿತ್ತು. ಹಸಿರು ದೀಪ ನೋಡಿಯೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಎರಡು ಒತ್ತುಗಳ ನಡುವೆ ಅವರು ಏನನ್ನು ಕಾಯುತ್ತಿದ್ದರು? ಹದಿನಾಲ್ಕು ಕಿಲೋಮೀಟರ್ ಕೆಳಗಿನ ಸೈರನ್ ಅಲ್ಲಿಗೆ ಕೇಳಿಸುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಆ ಸಮಯಗಳನ್ನು ಮುದ್ರಿಸಿದ ಕಾಗದ ಹಿಡಿದು ನಾನು ನಿಮ್ಮ ಬಳಿ ಬಂದದ್ದು ನೆನಪಿರಬೇಕು. ಸ್ವಿಚ್ಚಿನ ವಿಷಯವನ್ನೂ, ನಾನೇ ತಳ್ಳಿದ್ದನ್ನೂ ಹೇಳಿದೆ. ನೀವು ಕೋಪಿಸಿಕೊಳ್ಳಲಿಲ್ಲ, ಚಹಾ ತರಿಸಿದಿರಿ. “ಈ ಸ್ವಿಚ್ಚು ಅನ್ನೋದು ನಮ್ಮ ಯಾವ ಕಾಗದದಲ್ಲಾದ್ರೂ ಇದೆಯೇನಮ್ಮ?” ಎಂದು ಮೆಲ್ಲಗೆ ಕೇಳಿದಿರಿ. ಇಲ್ಲ ಎಂದೆ.

“ಹಾಗಿದ್ರೆ ಅದು ಇಲ್ಲ. ಮನೆಗೆ ಹೋಗಿ ಮಲಕ್ಕೋ. ತುಂಬಾ ಬಡವಾಗಿದ್ದೀಯ.”

ನನ್ನನ್ನು ಉಳಿಸುವ ಉದ್ದೇಶ ನಿಮಗಿತ್ತು ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಇರಬಹುದು. ಆದರೆ ತುರ್ದುಬಾಯ್ ಗುಂಡಿ ಒತ್ತಿದ್ದರು ಎಂದು ಒಪ್ಪಿದರೆ, ಒತ್ತಿದ್ದು ಎಲ್ಲಿಗೆ ಹೋಯಿತು ಎಂದು ಯಾರಾದರೂ ಕೇಳುತ್ತಾರೆ. ಆಗ ಉಳಿದ ಹನ್ನೊಂದು ನೆಲೆಗಳ ಪೆಟ್ಟಿಗೆ ತೆರೆಯಬೇಕಾಗುತ್ತದೆ. ಅವುಗಳ ಮೂರನೇ ಸ್ವಿಚ್ಚು ಇಂದಿಗೂ ಕೆಳಗೇ ಇದೆ. ಸತ್ತ ಒಬ್ಬ ಮನುಷ್ಯನನ್ನು ಕುಡುಕನನ್ನಾಗಿ ಮಾಡುವುದು ಅದಕ್ಕಿಂತ ಸುಲಭ. ಆತ ವಿವರಣಾ ಪತ್ರ ಬರೆಯುವುದಿಲ್ಲ.

ಬತ್ಮಾ ಅಕ್ಕನಿಗೆ ಅಕ್ಟೋಬರಿನಲ್ಲಿ ಹೇಳಿದೆ. ಅಂಗಳದಲ್ಲಿ ಉಣ್ಣೆ ಬಡಿಯುತ್ತಿದ್ದರು, ಬಡಿಯುವ ಕೋಲು ಕೈಯಲ್ಲೇ ಇತ್ತು. ಆ ಕೋಲಿನಿಂದ ನನಗೆ ಹೊಡೆದಿದ್ದರೆ ಒಳ್ಳೆಯದಿತ್ತು. ಎಲ್ಲ ಕೇಳಿ, “ಹನ್ನೊಂದು ಸಲ ಅಂದ್ಯಾ?” ಎಂದರು. ಹೌದು ಎಂದೆ. ಕೋಲನ್ನು ಉಣ್ಣೆಯ ಮೇಲಿಟ್ಟು ಹೇಳಿದರು: “ನಿನ್ನ ಬೈಯೋಕೆ ಈಗ ನನ್ನಲ್ಲಿ ಶಕ್ತಿ ಇಲ್ಲ. ಮೊದಲು ಆ ಸಾಲು ಅಳಿಸು. ನಿನ್ನ ವಿಚಾರ ಆಮೇಲೆ.”

ಕೆಳಬೀದಿಯವರು ಬತ್ಮಾ ಅಕ್ಕನ ಬಾವಿಯಿಂದ ನೀರು ಒಯ್ಯುವುದನ್ನು ಬಿಟ್ಟಿದ್ದಾರೆ. ಅಂಗಡಿಯಲ್ಲಿ ಜುಮಾಶ್ ಎಲ್ಲರೆದುರು, “ಹೇಗಿದ್ದೀಯ ಅತ್ತಿಗೆ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಾ? ನಿಮ್ಮ ಮನೇಲಿ ನಿದ್ದೆಗೇನೂ ಕಮ್ಮಿ ಇಲ್ಲವಲ್ಲ,” ಎಂದನಂತೆ. ಜುಮಾಶನನ್ನು ನಾನು ದೂರುವುದಿಲ್ಲ. ಸರ್ಕಾರದ ಮೊಹರು ಬಿದ್ದ ವರದಿಯನ್ನೇ ಅವನು ನಂಬಿದ್ದಾನೆ. ವರ್ಷದ ಊಟಕ್ಕೆ ಕಡಿಯಲು ಕುದುರೆ ಮನೆಯಲ್ಲೇ ಇದೆ, ನೆರೆದು ತಿನ್ನುವವರು ಯಾರು ಎಂಬುದೇ ಅಕ್ಕನ ಪ್ರಶ್ನೆ. ಕರೆದೂ ಯಾರೂ ಬಾರದ ಊಟ ನಮ್ಮಲ್ಲಿ ಎರಡನೇ ಸಾವು.

ಆದ್ದರಿಂದ ಮಾನ್ಯರೇ, ಹದಿನಾಲ್ಕನೇ ಪುಟದ ಆ ಎರಡು ವಾಕ್ಯಗಳ ಜಾಗದಲ್ಲಿ ಇದನ್ನು ಹಾಕಿ: “ಕಾವಲುಗಾರ ತುರ್ದುಬಾಯ್ ಹನ್ನೊಂದು ಸಲ ಗುಂಡಿ ಒತ್ತಿದರು. ಸಂಪರ್ಕ ಕಡಿದಿರುವುದನ್ನು ತೋರಿಸಬೇಕಾದ ಸ್ವಿಚ್ಚನ್ನು, ಮುಖ್ಯಸ್ಥರ ಮೌಖಿಕ ಆದೇಶದ ಮೇರೆಗೆ, ಸಂಪರ್ಕ ಎಂಜಿನಿಯರ್ ಬುರುಲ್ಚಾ ಮೊದಲೇ ಕೆಳಗೆ ಮಾಡಿದ್ದರು.” ತಿದ್ದಿದ ವರದಿಯನ್ನು ಜೂನ್ ಕೊನೆಯೊಳಗೆ ಊರಿನ ಶಾಲೆಯ ಅಂಗಳದಲ್ಲಿ, ಕೆಳಬೀದಿಯವರ ಎದುರು, ಗಟ್ಟಿಯಾಗಿ ಓದಿಸಬೇಕು. ನೀವೇ ಓದಿದರೆ ಒಳ್ಳೆಯದು. ನನ್ನ ಹೆಸರನ್ನು ಮೆತ್ತಗೆ ಓದಬೇಕಾಗಿಲ್ಲ.

ಇನ್ನೊಂದು ವಿಷಯ. ಪ್ರವಾಹಕ್ಕೆ ಕಿತ್ತುಹೋದ ಕಣಿವೆಯ ದಾರಿ ಮೇ ಮೊದಲ ವಾರ ಮತ್ತೆ ತೆರೆಯುತ್ತದೆ. ಬತ್ಮಾ ಅಕ್ಕ ಎರಡು ಕುದುರೆಗಳಿಗೆ ಲಾಳ ಹೊಡೆಸಿದ್ದಾರೆ. ನನ್ನೊಡನೆ ಮಾತು ಕಡಿಮೆ, ಆದರೂ ಕುದುರೆ ಕೊಡುತ್ತೇನೆ, ಜೊತೆಗೂ ಬರುತ್ತೇನೆ ಎಂದಿದ್ದಾರೆ. ನಾವಿಬ್ಬರೂ ಹನ್ನೊಂದು ನೆಲೆಗಳಿಗೆ ಹೋಗಿ ಆ ಸ್ವಿಚ್ಚುಗಳನ್ನು ಮೇಲೆ ಮಾಡಿ ಬರುತ್ತೇವೆ, ಬಂದಮೇಲೆ ಕಚೇರಿಯವನ್ನೂ ಮೇಲೆ ಮಾಡುತ್ತೇನೆ. ಫಲಕದಲ್ಲಿ ಕೆಂಪು ಕಾಣಿಸತೊಡಗಿದರೆ ಗಾಬರಿಯಾಗಬೇಡಿ. ತಡೆಯುವ ಅಧಿಕಾರ ನಿಮಗಿದೆ. ತಡೆಯುವುದಾದರೆ ನಾನು ಏನನ್ನು ಮುಟ್ಟಬಾರದು ಎಂದು ಸ್ಪಷ್ಟವಾಗಿ ಬರೆದು, ದಿನಾಂಕ ಹಾಕಿ, ಮೊಹರು ಒತ್ತಿ ಕಳಿಸಿ. ಬಾಯಿಮಾತಿನ ಆದೇಶಗಳನ್ನು ಪಾಲಿಸುವುದನ್ನು ನಾನು ಬಿಟ್ಟಿದ್ದೇನೆ.

ಇಂತಿ,
ಬೇಕಾದ್ದಕ್ಕಿಂತ ಹೆಚ್ಚು ದಿನ ತಮಗೆ ವಿಧೇಯಳಾಗಿದ್ದ
ಬುರುಲ್ಚಾ, ಸಂಪರ್ಕ ಎಂಜಿನಿಯರ್
ಏಪ್ರಿಲ್ ಇಪ್ಪತ್ತೊಂದು